ನರ್ಸಕ್ಕನ ಹಾವಸೆಯ ಅಂಗಳ

ಆ ಬೆಳಗ್ಗೆ ನಾನು ಮಾಡಿದ ಕೆಲಸಗಳು ಇಷ್ಟು: ಹಂಡೆಗೆ ನೀರು ತುಂಬಿಸಿದ್ದು, ದೋಸೆಗೆ ಅಕ್ಕಿ ನೆನೆಹಾಕಿದ್ದು, ಇವರಿಗೆ ಡಬ್ಬಿ ಕಟ್ಟಿಕೊಟ್ಟು ಫೋರ್ಟಿನ ಆಫೀಸಿಗೆ ಕಳಿಸಿದ್ದು, ಒಣಗದ ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವಿದ್ದು. ಆಮೇಲೆ ನರ್ಸಕ್ಕ ಸ್ಟೇಶನ್ ಹತ್ತಿರದ ಮಾರ್ಕೆಟಿಗೆ ಹೋದದ್ದನ್ನು ಕಿಟಕಿಯಿಂದ ನೋಡಿಕೊಂಡು, ಗೋಡೆಗೆ ಬಳಿದು ಉಳಿದಿದ್ದ ಸುಣ್ಣವನ್ನು ಅವರು ಅಂಗಳದಲ್ಲಿ ಬೆಳೆಸಿದ್ದ ಹಸಿರು ಪಾಚಿಯ, ಅವರ ಬಾಯಲ್ಲಿ ಹಾವಸೆಯ, ಮೇಲೆ ಚೆಲ್ಲಿದ್ದು.

ನರ್ಸಕ್ಕ ಉಡುತ್ತಿದ್ದದ್ದು ಬಿಳಿ ಸೀರೆ. ಮೊಣಕಾಲಿನ ಜಾಗದಲ್ಲಿ ಮಾತ್ರ ಎಷ್ಟು ಒಗೆದರೂ ಹೋಗದ ಎರಡು ಹಸಿರು ಕಲೆಗಳು. ದಿನಕ್ಕೆರಡು ಹೊತ್ತು ಹಿತ್ತಿಲಲ್ಲಿ ಮೊಣಕಾಲೂರಿ ಕೂತದ್ದರ ಗುರುತು ಅದು. ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷ ದುಡಿದು, ನಿವೃತ್ತರಾಗಿ ಚೆಂಬೂರಿನ ನಮ್ಮ ಹೆಂಚಿನ ಚಾಳಿಗೆ ಬಂದವರು. ಒಂಟಿ ಹೆಂಗಸು, ಊರು ಕುಂದಾಪುರದ ಕಡೆ. ಅವರ ಹಿಂಬಾಗಿಲೂ ನಮ್ಮ ಹಿಂಬಾಗಿಲೂ ಒಂದೇ ಅಂಗಳಕ್ಕೆ ತೆರೆಯುತ್ತಿದ್ದವು. ಅಂಗಳದ ಆಚೆ ತುದಿಯಲ್ಲಿ ನಲ್ಲಿ.

ಆ ಅಂಗಳಕ್ಕೆ ಬಿಸಿಲು ಬೀಳುತ್ತಿರಲಿಲ್ಲ, ಹುಲ್ಲು ಸರಿಯಾಗಿ ಹುಟ್ಟುತ್ತಿರಲಿಲ್ಲ. ನರ್ಸಕ್ಕ ಕಂಪೌಂಡ್ ಗೋಡೆಯಿಂದ ಹಾವಸೆಯನ್ನು ಬಿಲ್ಲೆ ಬಿಲ್ಲೆಯಾಗಿ ಎಬ್ಬಿಸಿ ತಂದು, ಒದ್ದೆ ಮಣ್ಣಿನ ಮೇಲಿಟ್ಟು, ಮಗುವಿನ ಬೆನ್ನು ತಟ್ಟಿದಂತೆ ಅಂಗೈಯಿಂದ ತಟ್ಟಿ ಕೂರಿಸುತ್ತಿದ್ದರು. ಕಾಗೆಗಳು ಹುಳಕ್ಕಾಗಿ ಕಿತ್ತು ಮಗುಚಿದರೆ ಮತ್ತೆ ತಟ್ಟುವುದು. ನಡುವೆ ಹುಲ್ಲಿನ ಎಸಳು ಕಂಡರೆ ಆಸ್ಪತ್ರೆಯ ಚಿಮಟದಿಂದ ಹಿಡಿದು ಎಳೆಯುವುದು. ನಲ್ಲಿಯ ನೀರಿಗೆ ಔಷಧದ ವಾಸನೆಯೆಂದು ಅದನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು, ಆಮೇಲೆ ಬೆರಳಿನಿಂದ ಚಿಮುಕಿಸುವುದು. ಬೇಸಿಗೆಯಲ್ಲಿ ಹಾವಸೆ ಕಂದುಬಣ್ಣಕ್ಕೆ ತಿರುಗಿ ಮುರುಟಿದಾಗ ನಾನು ಸತ್ತಿತೆಂದರೆ, ನಿದ್ದೆ ಮಾಡ್ತಾ ಉಂಟು, ಎಬ್ಬಿಸಬೇಡ ಎನ್ನುತ್ತಿದ್ದರು. ಮೂರು ವರ್ಷದಲ್ಲಿ ಅಂಗಳ ತುಂಬ ದಪ್ಪ ಹಸಿರು ಹಾಸು. ನಡೆಯಲೆಂದು ಅವರೇ ನಾಲ್ಕು ಚಪ್ಪಡಿ ಹಾಸಿದ್ದರು. ಆ ಮಳೆಗಾಲದಲ್ಲಿ ಹಾವಸೆ ಚಪ್ಪಡಿಗಳನ್ನೂ ಹತ್ತಿತು.

ನನಗಾಗ ಏಳು ತಿಂಗಳು. ಅದಕ್ಕೆ ಹಿಂದಿನ ವರ್ಷ ತವರಿನ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಮೊದಲ ಬಸಿರನ್ನು ಕಳೆದುಕೊಂಡಿದ್ದೆ. ಮಳೆಗಾಲಕ್ಕೆ ಹಡಗು ನಿಂತದ್ದರಿಂದ ಊರಿಂದ ಅಮ್ಮ ಬರುವಂತಿರಲಿಲ್ಲ. ದಿನಕ್ಕೆ ಹತ್ತು ಸಲ ಆ ಚಪ್ಪಡಿಗಳ ಮೇಲೆ ಕೊಡ ಹಿಡಿದು ದಾಟುವಾಗ ಬೆವರು ಕಿತ್ತು ಬರುತ್ತಿತ್ತು. ಕನಸಿನಲ್ಲೂ ಹಸಿರೇ. ನರ್ಸಕ್ಕನಿಗೆ ಹೇಳೋಣವೆಂದರೆ ಅದಕ್ಕೂ ಹೆದರಿಕೆ. ಹೆರಿಗೆಗೆ ನಾನು ನಂಬಿಕೊಂಡಿದ್ದದ್ದು ಅವರೊಬ್ಬರನ್ನೇ. ಅವರಿಗೆ ಬೇಸರವಾಗಿಬಿಟ್ಟರೆ?

ನಮ್ಮ ಕಡೆ ಜಾರುವ ಕಲ್ಲಿಗೆ ಸುಣ್ಣ ಹಾಕಿ, ಆಗಲೇ ಹಿಡಿಸೂಡಿ ಪೊರಕೆಯಿಂದ ತಿಕ್ಕಿ, ನೀರು ಹೊಯ್ದು ತೊಳೆದುಬಿಡುವ ಕ್ರಮ. ನನಗೆ ಬಗ್ಗಿ ತಿಕ್ಕಲಾಗಲಿಲ್ಲ. ಚಪ್ಪಡಿಗಳ ಮೇಲೆ ಸುಣ್ಣ ಚೆಲ್ಲಿ, ಬಿಳಿ ಕಾಣದ ಹಾಗೆ ಎರಡು ತಂಬಿಗೆ ನೀರು ಹಾಕಿ ಒಳಗೆ ಬಂದೆ. ಮಧ್ಯಾಹ್ನ ಮಳೆಯೂ ಬಂತು.

ಮರುದಿನ ಬೆಳಗಿಗೆ ಹಾವಸೆ ಬೆಂದ ಬಸಳೆಯ ಹಾಗಾಗಿ, ಕಲ್ಲಿನ ಹಿಡಿತ ಬಿಟ್ಟು, ಲೋಳೆಯಾಗಿತ್ತು. ನರ್ಸಕ್ಕ ಬಕೆಟ್ ಹಿಡಿದು ಹೊರಬಂದರು. ಬಕೆಟ್ ಬಿದ್ದ ಸದ್ದು, ಅದರ ಹಿಂದೆಯೇ ಇನ್ನೊಂದು ಸದ್ದು. ನಾನು ಹಿಂಬಾಗಿಲಿಗೆ ಬಂದು ನೋಡಿದರೆ ಅವರು ಎರಡನೇ ಚಪ್ಪಡಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದಾರೆ, ಒಂದು ಕಾಲು ನೋಡಬಾರದ ಹಾಗೆ ಹೊರಳಿದೆ. ಹೊಸ್ತಿಲು ದಾಟಲು ಕಾಲೆತ್ತಿದೆ.

"ಬರಬೇಡ," ಎಂದರು, ಅಂಗೈ ಎತ್ತಿ. "ಅಲ್ಲೇ ನಿಲ್ಲು. ಮುಂದಿನ ಬಾಗಿಲಿಂದ ಹೋಗಿ ಯಾರನ್ನಾದ್ರೂ ಕರಿ. ಓಡಬೇಡ ಮಾರಾಯ್ತಿ, ಗೋಡೆ ಹಿಡ್ಕೊಂಡು ಹೋಗು."

ಗೋಡೆ ಹಿಡಿದುಕೊಂಡೇ ಹೋದೆ. ಚಾಳಿನ ಗಂಡಸರು ಬಾಗಿಲ ಹಲಗೆ ಕಿತ್ತು ತಂದು ಅವರನ್ನು ಎತ್ತಿದರು. ಎತ್ತುವ ಮುಂಚೆ ನರ್ಸಕ್ಕ ಬೆರಳಿನಿಂದ ಕಲ್ಲನ್ನು ಒರೆಸಿ, ಬೆರಳಿಗೆ ಹತ್ತಿದ ಬಿಳಿಯನ್ನು ನೋಡಿದರು. ಮತ್ತೆ ನನ್ನನ್ನು. ಯಾರಿಗೂ ಏನೂ ಹೇಳಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ಮೂರು ತಿಂಗಳು ಆಸ್ಪತ್ರೆಯಲ್ಲಿ, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದರು. ನನಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಧೈರ್ಯವಾಗಲಿಲ್ಲ. ಬಸುರಿ ಅಲ್ಲಿಗೆಲ್ಲ ಹೋಗಬಾರದೆಂದು ಇವರು ಹೇಳಿದ್ದನ್ನೇ ನೆಪ ಮಾಡಿಕೊಂಡೆ. ಇವರು ಮಾತ್ರ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ಬಂದಾಗಲೆಲ್ಲ ನರ್ಸಕ್ಕ ಬರೆದುಕೊಟ್ಟ ಒಂದು ಚೀಟಿ: ಕಾಲು ಊದಿದೆಯಾ, ಮಗು ಹೊರಳುತ್ತದಾ, ಎಡಮಗ್ಗುಲಾಗಿ ಮಲಗು. ಆ ಚೀಟಿಗಳ ಪ್ರಕಾರವೇ ನಡೆದು, ಬೇರೊಬ್ಬ ಸೂಲಗಿತ್ತಿಯ ಕೈಯಲ್ಲಿ ಮಗಳನ್ನು ಹೆತ್ತೆ.

ಆಮೇಲೆ ನರ್ಸಕ್ಕ ಹದಿನಾಲ್ಕು ವರ್ಷ ಬದುಕಿದರು, ಕೋಲು ಹಿಡಿದು, ಒಂದು ಕಾಲು ಎಳೆದುಕೊಂಡು. ಮೊಣಕಾಲೂರಲಾಗದ ಅವರು ಕುರ್ಚಿಯಲ್ಲಿ ಕೂತು ಹೇಗೆಂದು ಹೇಳಿಕೊಡುತ್ತಿದ್ದರು, ಅವರ ಬದಲು ಹಾವಸೆ ತಟ್ಟುತ್ತಿದ್ದವಳು ನಾನು. ತೀರಿಕೊಂಡದ್ದು ನನ್ನ ಮಗಳ ತೊಡೆಯ ಮೇಲೆ. ನನಗೆ ಮಾತ್ರ ಅವರು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಹೆಚ್ಚು ನೆನಪು.

ಕೋಲಿನ ಟಕ್ ಟಕ್ ನಮ್ಮ ಬಾಗಿಲಿಗೆ ಬಂದಾಗ ತಿಂಗಳ ಮಗುವನ್ನು ಎದೆಗವುಚಿಕೊಂಡು ಒಳಕೋಣೆಯ ಮೂಲೆಗೆ ಹೋಗಿ ನಿಂತೆ. ಅವರು ಅಲ್ಲಿಗೇ ಬಂದರು. ಚಾಪೆಯ ಮೇಲೆ ಗೋಡೆಗೊರಗಿ ಕಷ್ಟಪಟ್ಟು ಕೂತು, ಮಗುವಿಗೆ ಕೈ ಚಾಚಿದರು.

"ನಂಗೊಂದು ಮಾತು ಹೇಳಿದ್ರೆ ನಾನೇ ಕೆರೆದು ತೆಗೀತಿದ್ದೆ ಅಲ್ವಾ? ಅಷ್ಟು ಹೆದರಿಕೆಯಾ ನಾನಂದ್ರೆ ನಿಂಗೆ?"

ಮಗುವನ್ನು ಕೊಟ್ಟೆ. ಆ ಸಂಜೆ ಕುಚ್ಚಲಕ್ಕಿ ಗಂಜಿ, ಬಾಣಂತಿಗೆಂದು ಮಾಡಿದ್ದ ಮೆಣಸಿನ ಸಾರು, ಸುಟ್ಟ ಹಪ್ಪಳ ಉಂಡೆವು. ಉಂಡು ಮಗುವನ್ನು ಎದೆಯ ಮೇಲೆ ಹಾಕಿಕೊಂಡ ನರ್ಸಕ್ಕನಿಗೇ ಮೊದಲು ನಿದ್ದೆ ಹತ್ತಿತು, ಆಮೇಲೆ ಮಗುವಿಗೆ. ಎಲ್ಲಿ ಜಾರಿ ಬೀಳುತ್ತದೋ ಎಂದು ನಾನು ಎರಡೂ ಕೈ ಒಡ್ಡಿಕೊಂಡು ಪಕ್ಕದಲ್ಲಿ ಕೂತೇ ಇದ್ದೆ.