ನಲ್ಲಪ್ಪ ಕೂತಿದ್ದ ಬೋರ್‌ವೆಲ್

ಕಾಡುಗೋಡಿಯ ಶ್ಯಾಮಣ್ಣನ ಮಗಳು ವೇಣಿ ಹನ್ನೊಂದು ವರ್ಷದಿಂದ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೂತು ಎಣ್ಣೆ ಬಾವಿಗಳ ಜಾತಕ ಓದುತ್ತಾಳೆ. ಎಲ್ಲೋ ಮರುಭೂಮಿಯಲ್ಲಿ ಬಾವಿಗೆ ನೀರು ತುರುಕಿ ಬಂಡೆ ಸೀಳುತ್ತಾರೆ, ಪಂಪು ನಿಲ್ಲಿಸುತ್ತಾರೆ. ಆಮೇಲೆ ಒತ್ತಡ ಇಳಿದ ಗೆರೆ ನೋಡಿ, ಬಿರುಕು ಎಷ್ಟು ದೂರ ಹೋಯಿತು, ಯಾವಾಗ ಮುಚ್ಚಿಕೊಂಡಿತು ಎಂದು ಇವಳು ಹೇಳಬೇಕು. ಪಾಪ, ಒಂದು ಎಣ್ಣೆ ಬಾವಿಯನ್ನೂ ಕಣ್ಣಾರೆ ಕಂಡವಳಲ್ಲ. "ಗೆರೆ ನೋಡಕ್ಕೆ ಸಂಬಳ ಕೊಡ್ತಾರಾ?" ಎಂದು ಅವಳಪ್ಪ ಇವತ್ತಿಗೂ ಕೇಳುತ್ತಾನೆ.

ಈ ಬೇಸಿಗೆಯಲ್ಲಿ ಶ್ಯಾಮಣ್ಣನ ಬೋರ್‌ವೆಲ್ ಕೈಕೊಟ್ಟಿತು. ಎಂಟು ಬಾಡಿಗೆ ಮನೆಯವರೂ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದರು. ಭಾನುವಾರದೊಳಗೆ ನೀರು ಬಾರದಿದ್ದರೆ ಮನೆ ಬಿಡುತ್ತೇವೆ ಎಂದರು. ಹೊಸ ಬೋರು ಕೊರೆಸೋಣವೆಂದರೆ ಜಾಗವೆಲ್ಲಿದೆ? ತುಳಸಿಕಟ್ಟೆ ಬಿಟ್ಟು ಮಿಕ್ಕಲ್ಲೆಲ್ಲ ಮನೆ ಕಟ್ಟಿದ ಭೂಪ ಆತ! ಕೊನೆಗೆ, ಬತ್ತಿದ ಬೋರಿಗೆ ನೀರು ನುಗ್ಗಿಸಿ ಬಂಡೆ ಬಿಡಿಸುವ ಲಾರಿಯ ಮರೆಪ್ಪನನ್ನು ಕರೆಸಿದ.

ಪಕ್ಕದ ಮನೆ ತಮ್ಮ ನಲ್ಲಪ್ಪನದು. ಕಾಂಪೌಂಡ್ ಗೋಡೆ ಅರ್ಧ ಅಡಿ ಈಚೆ ಬಂತೆಂದು ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೆರಡು ವರ್ಷ. ನಲ್ಲಪ್ಪನ ಬೋರ್‌ವೆಲ್ ಎಂದೋ ಅರ್ಧ ಕುಸಿದು ಸತ್ತಿತ್ತು, ಟ್ಯಾಂಕರಿನಲ್ಲೇ ದಿನ ದೂಡುತ್ತಿದ್ದ. ಅದರ ಬಾಯಿಗೆ ಹಲಗೆ ಮುಚ್ಚಿ, ದಿನಾ ಬೆಳಿಗ್ಗೆ ಅಣ್ಣನ ಮನೆಗೆ ಬೆನ್ನು ಹಾಕಿ ಅದರ ಮೇಲೆ ಕೂತು ಪೇಪರ್ ಓದುತ್ತಿದ್ದ. ಅದೇನು ಜಂಬವೋ!

ಶನಿವಾರ ಬೆಳಿಗ್ಗೆ ಮರೆಪ್ಪ ಅರಿಶಿನ ಕುಂಕುಮ ಹಚ್ಚಿ ಪಂಪು ಶುರುಮಾಡಿದ. ಒತ್ತಡದ ಗೇಜಿನ ಮುಳ್ಳು ನೂರಿಪ್ಪತ್ತಕ್ಕೆ ಏರಿ ನಡುಗಿತು, ಧಡಕ್ಕನೆ ಇಳಿಯಿತು.

"ಬಂಡೆ ಬಿಡ್ತು ಕಣಣ್ಣೋ!" ಎಂದು ಮರೆಪ್ಪ ಕುಣಿದ. ಶ್ಯಾಮಣ್ಣ ಕಾಯಿ ಒಡೆದೇಬಿಟ್ಟ.

"ಪಂಪ್ ನಿಲ್ಸಿ ಮರೆಪ್ಪಣ್ಣ, ಇಳಿಯೋದು ನೋಡ್ಬೇಕು," ಎಂದಳು ವೇಣಿ. ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಹತ್ತತ್ತು ಸೆಕೆಂಡಿಗೆ ಅಂಕಿ ಬರೆದಳು. ಐದನೇ ಅಂಕಿಗೇ ಮುಳ್ಳು ಸೊನ್ನೆ ಮುಟ್ಟಿತ್ತು.

"ಅಪ್ಪಾ, ಬಿರುಕು ಬಂಡೆಯೊಳಗೇ ನಿಂತಿದ್ರೆ ಒತ್ತಡ ನಿಧಾನಕ್ಕೆ ಇಳೀತಿತ್ತು. ಇದು ದಬಕ್ ಅಂತ ಬಿದ್ದೋಯ್ತು. ಎಲ್ಲೋ ಬಾಯ್ಬಿಟ್ಟಿರೋ ತೂತಿಗೆ ಸೇರ್ಕೊಂಡಿದೆ."

"ಯಾವ್ ತೂತು?"

ವೇಣಿ ಗೋಡೆಯತ್ತ ನೋಡಿದಳು. "ಹತ್ರದಲ್ಲಿರೋದು ಒಂದೇ ಅಲ್ವಾ?"

ಶ್ಯಾಮಣ್ಣನಿಗೆ ಮೈಯೆಲ್ಲ ಉರಿದುಹೋಯಿತು. "ನಾನ್ ಸೀಳ್ಸಿದ್ ಬಂಡೆ ಅವನ್ ಕಡೀಕ್ ಓಯ್ತದಾ? ಅದೆಂಗ್ ಓಯ್ತದೋ ನೋಡೇಬಿಡ್ತೀನಿ. ಆಕ್ಲಾ ಮರೆಪ್ಪ ಪಂಪು!"

ವೇಣಿ ಓಡಿಹೋಗಿ ಬಕೆಟ್ಟು ಬೋರಲು ಹಾಕಿ ಹತ್ತಿ, ಗೋಡೆಯ ಮೇಲಿಂದ ಕೂಗಿದಳು: "ಚಿಕ್ಕಪ್ಪಾ, ಎದ್ದೇಳು! ನೀರು ನಿನ್ ಕೆಳಗೇ ಬರ್ತಿದೆ!"

ಆ ಮನೆಯವರ ಮಾತಿಗೆ ತಿರುಗಿದರೆ ಮಾನ ಏನಾದೀತು? ನಲ್ಲಪ್ಪ ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದ.

ಭುಸ್ಸೆಂದಿತು ನೋಡಿ! ಗಾಳಿ, ಕೆಸರು, ಹಲಗೆ, ಪೇಪರು, ನಲ್ಲಪ್ಪ ಎಲ್ಲ ಒಟ್ಟಿಗೆ ಒಂದಡಿ ಮೇಲೆದ್ದವು. ನಲ್ಲಪ್ಪ ಕನಕಾಂಬರದ ಪಾತಿಯಲ್ಲಿ ಇಳಿದ.

"ಏನ್ ಮಾಡ್ದೋ ನನ್ ಕೆಳ್ಗೆ?" ಹನ್ನೆರಡು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಶ್ಯಾಮಣ್ಣ ಆಗಲೇ ಗೋಡೆಯ ಮೇಲಿದ್ದ. "ಏಟಾಯ್ತೇನ್ಲಾ?" ಎಂದು ಕೇಳಿಯೇಬಿಟ್ಟ. ತಕ್ಷಣ ಗಂಟಲು ಸರಿಮಾಡಿಕೊಂಡು, "ನಿಂಗಲ್ಲ, ಅಲಗೆಗೆ ಕೇಳ್ದೆ," ಎಂದ.

ಬಿರುಕು ದಾರಿಯಲ್ಲಿ ಯಾವುದೋ ಒರತೆಯನ್ನು ಬಿಡಿಸಿತ್ತು. ಮರೆಪ್ಪ ನಲ್ಲಪ್ಪನ ಬೋರಿನ ಕೆಸರನ್ನೂ ತೆಗೆದು ಎರಡಕ್ಕೂ ಮೋಟರ್ ಇಳಿಸಿದ. ಭಾನುವಾರ ನೀರು ಬಂತು, ಎಂಟು ಮನೆಯವರೂ ಉಳಿದರು. ಆದರೆ ತಳದಲ್ಲಿ ಎರಡೂ ಒಂದೇ ಆಗಿಬಿಟ್ಟಿದ್ದವಲ್ಲ, ಎರಡು ಮೋಟರೂ ಒಟ್ಟಿಗೆ ಓಡಿದರೆ ಕಾಲು ಗಂಟೆಯಲ್ಲಿ ಬರೀ ಗಾಳಿ. ವೇಣಿ ಎರಡು ದಿನ ನೀರಿನ ಮಟ್ಟ ಅಳೆದು ಗೆರೆ ಎಳೆದು ತೀರ್ಪು ಕೊಟ್ಟಳು: ಬೆಳಿಗ್ಗೆ ಆರಕ್ಕೆ ಚಿಕ್ಕಪ್ಪನ ಸರದಿ, ಅದು ಮುಗಿದ ಮೇಲೆ ಅಪ್ಪನದು. ಮುಗಿಯಿತೆಂದು ಬಾಯಿ ಬಿಟ್ಟು ಹೇಳಬೇಕು.

ಮೊದಲ ದಿನ ಏಳು ಗಂಟೆಗೆ ಗೋಡೆಯಾಚೆ ಯಾರೋ ಎರಡು ಸಲ ಕೆಮ್ಮಿದರು. ಆಮೇಲೆ ದನಿ ಬಂತು.

"ಅಣ್ಣೋ... ನಂದಾಯ್ತು. ಆಕ್ಕೋ."

ಶ್ಯಾಮಣ್ಣ ಸ್ವಿಚ್ಚಿನ ಮೇಲೆ ಕೈಯಿಟ್ಟು ಒತ್ತದೆ ನಿಂತಿದ್ದ.

"ಹಾಕಪ್ಪಾ, ಟೈಮಾಯ್ತು," ಎಂದಳು ವೇಣಿ.

"ಶ್! ಇರಮ್ಮಿ," ಎಂದ ಶ್ಯಾಮಣ್ಣ. "ಇನ್ನೊಂದ್ ಕಿತ ಕೂಗ್ಲಿ."