ತಮ್ಮ ವಿಷಯವನ್ನೇ ಹೊಡೆದುಹಾಕಿದ ಮಾಸ್ತರರು

ನರಗುಂದ, ರೋಣ, ಗಜೇಂದ್ರಗಡದ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಈ ೧೯೫೯ರ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಶ್ರೀ ಮೈಲಾರಪ್ಪ ಮಾಸ್ತರರಷ್ಟು ಅಂದವಾಗಿ ಕೋನ, ತ್ರಿಕೋನಗಳ ಭೂಮಿತಿ ಹೇಳಿಕೊಟ್ಟವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಆದರೂ ಅವರ ದೊಡ್ಡ ಉಪಕಾರ ನಡೆಯುತ್ತಿದ್ದುದು ತರಗತಿಯ ಹೊರಗೆ, ಮನೆಯ ಪಡಸಾಲೆಯಲ್ಲಿ.

ಮ್ಯಾಟ್ರಿಕ್ ಫಲಿತಾಂಶ ಬಂದ ಮರುದಿನವೇ ಕಾಲೇಜಿನ ಅರ್ಜಿ ಹಿಡಿದವರು ಅಲ್ಲಿ ಸಾಲುಗಟ್ಟುತ್ತಿದ್ದರು. ಮಾಸ್ತರರು ಅಂಕಪಟ್ಟಿ ಕೇಳುತ್ತಿರಲಿಲ್ಲ. ಒಂದು ಹಾಳೆ ಕೊಟ್ಟು, ವಾರದ ಏಳು ದಿನಗಳಲ್ಲಿ ಪಾಠ, ಪ್ರಯೋಗಶಾಲೆ ಅಷ್ಟೇ ಅಲ್ಲ, ಅಡಿಗೆ, ಬಟ್ಟೆ ಒಗೆತ, ಊರಿಗೆ ಬಂದುಹೋಗುವ ಬಸ್ಸು ಎಲ್ಲವನ್ನೂ ಬರೆಸುತ್ತಿದ್ದರು. ಬರೆದು ಮುಗಿಸಿದವನಿಗೆ ನಿದ್ದೆಗೆ ಜಾಗವೇ ಉಳಿದಿರುತ್ತಿರಲಿಲ್ಲ. ಮಾಸ್ತರರು ನಕ್ಕು, ವಿಷಯ ಕಡಿಮೆ ಮಾಡಿ ಮೊದಲಿನಿಂದ ಬರೆಯಲು ಹೇಳುತ್ತಿದ್ದರು.

೧೯೫೩ರಲ್ಲಿ ಗಜೇಂದ್ರಗಡದ ಅರಳೆ ವ್ಯಾಪಾರಿ ಹೂವಪ್ಪನವರ ಮಗಳು ಹೊನ್ನವ್ವ ಆ ಸಾಲಿನಲ್ಲಿ ಕುಳಿತಳು. ಡಾಕ್ಟರಾಗುವ ಆಸೆ ಅವಳದು. ಮೊದಲ ಟರ್ಮಿನಲ್ಲಿ ಒಂದೇ ವಿಷಯ ಹೋದರೂ ಕಾಲೇಜು ಸಾಕು, ಮದುವೆಯೇ ಸರಿ ಎಂದು ತಂದೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಹೀಗಿದ್ದೂ ಆಕೆ ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಬೇಕಿಲ್ಲದ ಗಣಿತವನ್ನೂ ಅರ್ಜಿಯಲ್ಲಿ ಬರೆದಿದ್ದಳು. ಗಣಿತದಲ್ಲಿ ತಾಲೂಕಿಗೇ ಮೊದಲಿಗಳಾದವಳು ಅದನ್ನು ಬಿಟ್ಟರೆ ಕಲಿಸಿದ ಗುರುವಿಗೆ ಎರಡು ಬಗೆದಂತೆ ಎಂಬ ಅಳುಕು ಅವಳಿಗೆ. ಇಂಥ ಭಕ್ತಿ ನಮ್ಮ ಕಡೆಯ ಮಕ್ಕಳಿಗೆ ಸ್ವಲ್ಪ ಹೆಚ್ಚೇ.

ಅವಳ ವಾರದ ಹಾಳೆ, ಅರ್ಜಿ ಎರಡನ್ನೂ ನೋಡಿದ ಮಾಸ್ತರರು ಗಣಿತ ಎಂಬ ಮಾತಿನ ಮೇಲೆ ಬೆರಳಿಟ್ಟರು. ಆಮೇಲೆ, ನರಗುಂದದಲ್ಲಿದ್ದಾಗ ಕೊಣ್ಣೂರಿನ ಅರ್ಜುನಪ್ಪನೆಂಬ ಜಾಣ ಹುಡುಗನಿಗೆ ತಾವೇ ಹಟ ಮಾಡಿ ಗಣಿತವನ್ನೂ ಹೇರಿ ಕಳಿಸಿದ್ದನ್ನು ಹೇಳಿದರು.

"ದೀಪಾವಳಿ ಸೂಟಿಗೆ ಬಂದಾಂವ ತಿರುಗಿ ಕಾಲೇಜಿಗೆ ಹೋಗಲಿಲ್ಲವ್ವಾ. ಅಂವಾ ಸೋಲಲಿಲ್ಲ, ನನ್ನ ಸೊಕ್ಕು ಅವನ್ನ ಸೋಲಿಸ್ತು."

"ನನಗ ಗಣಿತ ಅಂದ್ರ ಜೀವರಿ ಸರ್ರ," ಎಂದಳು ಹೊನ್ನವ್ವ.

"ನನಗ ಗೊತ್ತಿಲ್ಲೇನು?" ಎಂದವರೇ ಟಾಕನ್ನು ಮಸಿಯಲ್ಲಿ ಅದ್ದಿ, ಅರ್ಜಿಯಲ್ಲಿದ್ದ ತಮ್ಮ ವಿಷಯದ ಮೇಲೆ ತಾವೇ ಗೆರೆ ಎಳೆದರು. ಆ ಜಾಗದಲ್ಲಿ ಬೇರೆ ವಿಷಯವನ್ನೂ ಬರೆಯಗೊಡಲಿಲ್ಲ. ಅರ್ಜಿ ಹಿಡಿದು ಹೊರಬಿದ್ದ ಹೊನ್ನವ್ವ ದಾರಿಯುದ್ದಕ್ಕೂ ಅತ್ತಳು. ಮಾಸ್ತರರ ಮೇಲೆ ಸಿಟ್ಟೂ ಬಂದಿತ್ತು.

ಮೊದಲ ಟರ್ಮಿನಲ್ಲಿ ಎಲ್ಲ ವಿಷಯಗಳೂ ಪಾಸಾದವು. ಹೂವಪ್ಪನವರು ಮದುವೆಯ ಮಾತನ್ನು ಮತ್ತೆ ಎತ್ತಲಿಲ್ಲ. ದೀಪಾವಳಿಗೆ ಊರಿಗೆ ಬಂದ ಹೊನ್ನವ್ವ ಮೊದಲು ಹೋದದ್ದು ಮಾಸ್ತರರ ಮನೆಗೆ. ಅವರು ಅಂಕಗಳ ಸುದ್ದಿಯನ್ನೇ ಎತ್ತದೆ, ಗಣಿತ ನೆನಪಾಗುತ್ತದೆಯೇ ಎಂದಷ್ಟೇ ಕೇಳಿದರು. ಭಾಳ ನೆನಪಾಗತದ್ರಿ ಎಂದಳು.

"ಈ ವರ್ಷದ ಕ್ಲಾಸಿನ್ಯಾಗ ನಿನ್ನಂಥಾಕಿ ಯಾರೂ ಇಲ್ಲವ್ವಾ," ಎಂದ ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ತನ್ನನ್ನು ಕಾಲೇಜಿನಲ್ಲಿ ಉಳಿಸಲು ಅವರು ತಮ್ಮ ಗಣಿತದ ಅತ್ಯುತ್ತಮ ಶಿಷ್ಯೆಯನ್ನೇ ಬಿಟ್ಟುಕೊಟ್ಟರೆಂಬುದು ಅವಳಿಗೆ ಆಗ ತಿಳಿಯಿತು.

ಹೊನ್ನವ್ವ ಬರುವ ವರ್ಷ ಡಾಕ್ಟರಾಗುತ್ತಾಳೆ. ಪೂಜ್ಯ ಮಾಸ್ತರರು ಆಯುರಾರೋಗ್ಯದಿಂದ ನೂರು ಕಾಲ ಬಾಳಲಿ. ಮೂವತ್ತು ವರ್ಷ ಮಕ್ಕಳ ಸಲುವಾಗಿ ಮಾಡಿದ ಗಣಿತವನ್ನು ಇನ್ನು ಮುಂದೆ ತಮ್ಮ ಸಂತೋಷಕ್ಕಾಗಿಯೂ ಮಾಡಲಿ.