ನೀರಿಗೆ ಕರಗುವ ಪೆನ್ಸಿಲ್ಲು

ಎಲ್ಲರೂ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಯಾರು ಎದುರಾದರೂ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಯಾವ ಕೋರ್ಸು ಮಾಡುತ್ತಿದ್ದೀರಿ ಅಂತ. ತರಕಾರಿ ಗಾಡಿಯ ಹತ್ತಿರ ಕೇಳುತ್ತಿದ್ದರು, ಬಸ್ಸಿನಲ್ಲಿ ಕೇಳುತ್ತಿದ್ದರು. ನಾನು ಡ್ರಾಯಿಂಗ್ ಟೀಚರ್ ತರಬೇತಿ ಮುಗಿಸಿ, ಮದುವೆಯಾಗಿ ಆ ಊರಿಗೆ ಬಂದಿದ್ದೆ. ನನ್ನ ಗಂಡ ಪಟಾನ್‌ಚೆರು ಕಡೆಯ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ನಮ್ಮ ಮನೆ ಅಲ್ಲಿಯ ಕ್ವಾರ್ಟರ್ಸಿನಲ್ಲಿ. ತೆಲುಗು ಬಾರದ ನನಗೆ ಶಾಲೆಗಳಲ್ಲಿ ಕೆಲಸ ಸಿಗಲಿಲ್ಲ. ಚಿತ್ರ ಬರೆಯುತ್ತೇನೆ ಎಂದರೆ ಕೆಳಗಿನ ಮನೆಯಾಕೆ, “ಅದು ಸರಿ, ಆದರೆ ಕೆಲಸ ಅಂತ ಏನು ಮಾಡ್ತೀರಿ?” ಎನ್ನುತ್ತಿದ್ದಳು. ನನ್ನ ಗಂಡ ವಾರಕ್ಕೊಮ್ಮೆಯಾದರೂ ಅಮೀರ್‌ಪೇಟೆಯ ಯಾವುದೋ ಕಂಪ್ಯೂಟರ್ ಕ್ಲಾಸಿನ ಬಣ್ಣಬಣ್ಣದ ಚೀಟಿ ತಂದು ಟೀವಿಯ ಮೇಲೆ ಇಡುತ್ತಿದ್ದರು. ನಾನು ಅದರ ಹಿಂಬದಿಯಲ್ಲಿ ಬಣ್ಣ ತೀಡಿ ನೋಡುತ್ತಿದ್ದೆ.

ಬಣ್ಣವೆಂದರೆ ನೀರಿಗೆ ಕರಗುವ ಪೆನ್ಸಿಲ್ಲುಗಳು. ಮದುವೆಗೆ ನನ್ನ ಅಣ್ಣ ಕೊಟ್ಟ ಇಪ್ಪತ್ನಾಲ್ಕರ ತಗಡಿನ ಡಬ್ಬಿ. ಒಣಗಿದ್ದಾಗ ಇವು ಮಕ್ಕಳ ಬಣ್ಣದ ಪೆನ್ಸಿಲ್ಲಿನಂತೆಯೇ ಕಾಣುತ್ತವೆ. ಮೇಲೆ ಒದ್ದೆ ಕುಂಚ ಎಳೆದರೆ ಗೆರೆಗಳೆಲ್ಲ ಕರಗಿ ಬಣ್ಣವಾಗಿ ಹರಡುತ್ತವೆ. ಕೇಳಲು ಚೆಂದ. ಮಾಡಲು ಹೋದರೆ ತಲೆ ಕೆಡುತ್ತದೆ. ನೀರು ಒಂದು ಹನಿ ಹೆಚ್ಚಾದರೆ ಆಕಾಶ ಹೋಗಿ ಮರದೊಳಗೆ ಸೇರುತ್ತದೆ, ಕಡಿಮೆಯಾದರೆ ಗೆರೆ ಹಾಗೇ ಉಳಿದು ಪೊರಕೆ ಗೀರಿದಂತೆ ಕಾಣುತ್ತದೆ. ಕಾಗದ ಹಪ್ಪಳದ ಹಾಗೆ ಸುತ್ತಿಕೊಳ್ಳುತ್ತದೆ. ಅದನ್ನು ಒಣಗಿಸಿ, ರಾತ್ರಿಯೆಲ್ಲ ಭಾರದ ಕೆಳಗೆ ಒತ್ತಿಡಬೇಕು.

ನಾನು ಬರೆಯುತ್ತಿದ್ದದ್ದು ಬಂಡೆಗಳನ್ನು. ಕ್ವಾರ್ಟರ್ಸಿನ ಹಿಂದೆ ಒಂದರ ಮೇಲೊಂದು ಕೂತ ದೊಡ್ಡ ದೊಡ್ಡ ಬಂಡೆಗಳಿದ್ದವು. ಅವುಗಳಾಚೆ ಹೊಸ ಆಫೀಸುಗಳಿಗಾಗಿ ನೆಲ ಸಮ ಮಾಡುತ್ತಿದ್ದರು. ಮಧ್ಯಾಹ್ನ ಸಿಡಿಮದ್ದು ಹಾರಿಸಿದಾಗ ನನ್ನ ಟೇಬಲ್ಲು ನಡುಗಿ, ಕುಂಚದ ಲೋಟ ತುಳುಕಿ, ಅರ್ಧ ಆದ ಚಿತ್ರ ಹಾಳಾಗುತ್ತಿತ್ತು. ಪೆನ್ಸಿಲ್ಲು ಉರುಳಿ ಕೆಳಗೆ ಬಿದ್ದರೆ ಒಳಗಿನ ಬಣ್ಣದ ಕಡ್ಡಿ ತುಂಡುತುಂಡು. ಹೆರೆದಷ್ಟೂ ಮುರಿದ ಚೂರೇ ಬರುತ್ತಿತ್ತು. ನಾನು ಬಂಡೆ ಬರೆಯುತ್ತಿದ್ದೆ, ಅವರು ಬಂಡೆ ಒಡೆಯುತ್ತಿದ್ದರು, ಮತ್ತು ಸಂಬಳ ಸಿಗುತ್ತಿದ್ದದ್ದು ಅವರಿಗೆ.

ಮನೆಯಲ್ಲಿ ಕಂಪ್ಯೂಟರಿನ ಮಾತೆತ್ತದ ಒಬ್ಬರಿದ್ದರೆ ಅದು ನನ್ನ ಅತ್ತೆ. ಗದಗದ ಕಡೆಯ ಹಳ್ಳಿಯವರು. ನಾನು ಬರೆಯಲು ಕೂತರೆ ಬೆಳ್ಳುಳ್ಳಿ ಸುಲಿಯುವುದು, ಹಿಟ್ಟು ನಾದುವುದು ಎಲ್ಲ ಅವರೇ ಮಾಡಿಬಿಡುತ್ತಿದ್ದರು. ಆದರೆ ಬರೆಯುವಾಗ ಯಾರಾದರೂ ಹಿಂದೆ ನಿಂತರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಅದಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹಾಗಾಗಿ ಅತ್ತೆ ನೋಡಿದ್ದು ಮುಗಿದ ಚಿತ್ರಗಳನ್ನು ಮಾತ್ರ. ಕುಂಚ ತಾಕಿದೊಡನೆ ಪೆನ್ಸಿಲ್ಲಿನ ಗೆರೆ ಕರಗುವುದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಸುಲ್ತಾನ್ ಬಜಾರಿನಲ್ಲಿ ಬಳೆ ಅಂಗಡಿಗಳ ನಡುವೆ ಒಂದು ಗ್ರೀಟಿಂಗ್ ಕಾರ್ಡಿನ ಅಂಗಡಿಯಿತ್ತು. ಎರಡು ಬಸ್ಸು ಬದಲಿಸಿ, ಮೂರು ಸಲ ಹೋಗಿ ಬೇಡಿಕೊಂಡ ಮೇಲೆ ಅದರ ಮಾಲೀಕ ಒಪ್ಪಿದ. ಹೊಸ ವರ್ಷಕ್ಕೆ ಮೂವತ್ತು ಕಾರ್ಡು, ಅಲ್ಲಿಂದ ಮೂರನೆಯ ಶನಿವಾರ ಬೆಳಿಗ್ಗೆ ತರಬೇಕು. ಖರ್ಚಾದರೆ ಹಬ್ಬಹಬ್ಬಕ್ಕೂ ನನ್ನದೇ ಕಾರ್ಡು ಇಡುತ್ತೇನೆ ಎಂದ. ಇನ್ನು ಮುಂದೆ ಯಾರಾದರೂ ಏನು ಮಾಡುತ್ತೀರಿ ಎಂದರೆ ಹೇಳಲು ನನಗೂ ಒಂದು ಮಾತಿರುತ್ತದೆ ಎಂದುಕೊಂಡೆ. ನನಗೆ ಬೇಕಿದ್ದದ್ದು ಅಷ್ಟೇ.

ಹದಿನೆಂಟು ದಿನ ಹಿಡಿಯಿತು. ಶುಕ್ರವಾರ ಮೂವತ್ತೂ ಮುಗಿದವು. ಇಪ್ಪತ್ನಾಲ್ಕನ್ನು ಟೇಬಲ್ಲಿನ ಮೇಲೆ ಹರಡಿದೆ, ಇನ್ನೂ ಹಸಿಯಿದ್ದ ಆರನ್ನು ಕಪಾಟಿನ ಮೇಲೆ ಆರಲು ಬಿಟ್ಟೆ. ಲಕೋಟೆ ತರಲು ಪೇಟೆಗೆ ಹೋದೆ.

ತಿರುಗಿ ಬಂದಾಗ ಟೇಬಲ್ಲು ಖಾಲಿ. ಕಾರ್ಡುಗಳೆಲ್ಲ ಅಡುಗೆಮನೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ, ಒಂದರ ಮೇಲೊಂದು ನೀಟಾಗಿ ಕೂತಿದ್ದವು. ಅಂಚಿನಿಂದ ಹಳದಿ ನೀರು ಜಿನುಗುತ್ತಿತ್ತು. ಅತ್ತೆ ಕಲಸಿದ ಅರಿಶಿಣದ ಬಟ್ಟಲು ಹಿಡಿದು, ಮುಖ ಅರಳಿಸಿಕೊಂಡು ನಿಂತಿದ್ದರು.

“ನಾಕೂ ಮೂಲಿಗೆ ಹಚ್ಚೀನವಾ,” ಎಂದರು. “ಶುಭದ ಕಾಗದ, ನಮ್ಮ ಮನಿಯಿಂದ ಹೊರಗ ಹೊಂಟಾವು. ಹಂಗs ಬರೀ ಕಾಗದ ಹೆಂಗ ಕೊಡೂದು? ಸುರಳಿ ಆಗಬಾರದಂತ ಡಬ್ಬೀನೂ ಇಟ್ಟೀನಿ ನೋಡು.”

ಮೇಲಿನದನ್ನು ಎತ್ತಿದೆ. ಕೆಳಗಿನದು ಅಂಟಿಕೊಂಡೇ ಬಂತು. ಬಿಡಿಸಿದೆ. ಬಂಡೆಯ ನೀಲಿ ಅರಿಶಿಣದೊಳಗೆ ಕರಗಿ, ಪಾಚಿಯ ಬಣ್ಣವಾಗಿ, ಎದುರಿನ ಕಾಗದಕ್ಕೂ ಮೆತ್ತಿಕೊಂಡಿತ್ತು. ಎರಡನೆಯದೂ ಹಾಗೆ. ಮೂರನೆಯದೂ ಹಾಗೆ. ನಾನು ಇಪ್ಪತ್ನಾಲ್ಕನ್ನೂ ಬಿಡಿಸಿ ನೋಡಿದೆ, ಒಂದಾದರೂ ಉಳಿದಿರಬಹುದು ಎಂಬ ಆಸೆಗೆ.

“ಇದೇನ್ ಲಗ್ನಪತ್ರಿಕಾ ಏನ್ರಿ?” ಎಂದು ಕಿರುಚಿದೆ. “ನನ್ನ ಸಾಮಾನ ಮುಟ್ಟಂತ ನಿಮಗ ಯಾರ್ ಹೇಳಿದ್ರು? ಏನೂ ತಿಳಿಯಂಗಿಲ್ಲ ಅಂದಮ್ಯಾಲೆ ಸುಮ್ಮನ ಕೂಡ್ರಾಕ ಏನಾಗತೈತಿ? ಇನ್ನ ಮುಂದ ನನ್ನ ಟೇಬಲ್ಲಿಗೆ ಕೈ ಹಚ್ಚಬ್ಯಾಡ್ರಿ!”

ಅತ್ತೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟರು. “ಪೆನ್ಸಿಲ್ ಬರವಣಗಿ ಕರಗತೈತಂತ ನನಗೇನ್ ಗೊತ್ತವಾ?” ಎಂದರು, ಬಹಳ ಸಣ್ಣ ದನಿಯಲ್ಲಿ. ಹದಿನೆಂಟು ದಿನದ ಸಿಟ್ಟು, ಅದಕ್ಕಿಂತ ಹಿಂದಿನ ಸಿಟ್ಟು, ಕೆಳಗಿನ ಮನೆಯಾಕೆಯ ಮೇಲಿನದು, ಟೀವಿಯ ಮೇಲಿನ ಚೀಟಿಗಳ ಮೇಲಿನದು, ಎಲ್ಲವನ್ನೂ ಅವರೊಬ್ಬರ ತಲೆಗೆ ಕಟ್ಟಿ ಒಳಗೆ ಹೋಗಿ ಬಾಗಿಲು ಬಡಿದುಕೊಂಡೆ. ಸಂಜೆ ಕೆಲಸದಿಂದ ಬಂದ ಗಂಡ, “ಇದಕ್ಕs ಹೇಳಿದ್ದೆ, ಒಂದು ಕೋರ್ಸರೆ ಮಾಡಂತ,” ಎಂದರು. ಅವರಿಗೂ ಸರಿಯಾಗಿ ಬಿತ್ತು.

ಮರುದಿನ ಕಪಾಟಿನ ಮೇಲೆ ಉಳಿದಿದ್ದ ಆರನ್ನೇ ಲಕೋಟೆಗೆ ಹಾಕಿಕೊಂಡು ಹೋದೆ. ಮಾಲೀಕ ಎಣಿಸಿ ಮುಖ ನೋಡಿದ. “ತೀಸ್ ಬೋಲೇ ಥೇ, ಛೇ ಲಾಯೇ?” ಮೂವತ್ತು ಹೇಳಿದರೆ ಆರು ತರುವುದೇ ಎಂದು ಅವನು ಗೊಣಗಿದ್ದು ನ್ಯಾಯವೇ ಆಗಿತ್ತು. ಅತ್ತೆ ಅರಿಶಿಣ ಹಚ್ಚಿದರು ಎಂದು ಹೇಳಲು ನಾಲಿಗೆ ಏಳಲಿಲ್ಲ. ಮೈಗೆ ಹುಷಾರಿರಲಿಲ್ಲ ಎಂದೆ. ಅವನು ಆರನ್ನೂ ತಿರುಗಿಸಿ ನೋಡಿ, ಚಾರ್‌ಮಿನಾರ್ ಯಾಕಿಲ್ಲ ಎಂದು ಕೇಳಿ, ಕೊನೆಗೆ ಗಾಜಿನ ಹಿಂದೆ ನಿಲ್ಲಿಸಿದ. ಸಂಕ್ರಾಂತಿಗೆ ಹೇಳಿದಷ್ಟು ತರದಿದ್ದರೆ ಬರಲೇಬೇಡಿ ಎಂದ.

ಹೇಳಿದಷ್ಟೂ ತಂದೆ. ಸಂಕ್ರಾಂತಿಗೂ ತಂದೆ, ಯುಗಾದಿಗೂ ತಂದೆ. ಕೆಳಗಿನ ಮನೆಯಾಕೆ ತನ್ನ ತಂಗಿಗೆ ಕಳಿಸಲು ನನ್ನಿಂದಲೇ ಎರಡು ಕಾರ್ಡು ಒಯ್ದಳು. ಚೀಟಿಗಳು ಟೀವಿಯ ಮೇಲಿನಿಂದ ಇಳಿದವು. ನಾನು ಬಯಸಿದ್ದು ಸಿಕ್ಕಿತು ಎಂದೇ ಹೇಳಬೇಕು, ಆದರೆ ಆ ಸುಖವನ್ನು ನೆಟ್ಟಗೆ ಅನುಭವಿಸಲಾಗಲಿಲ್ಲ. ಆ ಶುಕ್ರವಾರದ ನಂತರ ಅತ್ತೆ ನನ್ನ ಟೇಬಲ್ಲಿನ ಪಕ್ಕ ಹಾಯುವಾಗ ಸೆರಗನ್ನು ಮುದುಡಿ ಹಿಡಿದು, ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದರು. ಜಗಳವಾಡಿದ್ದರೆ, ಮಗನಿಗೆ ದೂರು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಮೊದಲಿನಂತೆಯೇ ಬೆಳ್ಳುಳ್ಳಿ ಸುಲಿದರು, ಹಿಟ್ಟು ನಾದಿದರು. ತಪ್ಪಾಯಿತು ಎನ್ನಲು ನಾನು ಎಷ್ಟು ಸಲ ಅಡುಗೆಮನೆಗೆ ಹೋದೆನೋ, ಪ್ರತಿ ಸಲವೂ ಚಹಾ ಮಾಡಲೇ ಎಂದು ಕೇಳಿ ಬಂದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಬಾಗಿಲು ತೆರೆದಿಟ್ಟೇ ಬರೆಯಲು ಕೂತೆ. ಅತ್ತೆ ಎದುರಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಹಸಿರು ಪೆನ್ಸಿಲ್ಲು ಉರುಳಿ ಅವರ ಕಾಲಿನ ತನಕ ಹೋಯಿತು. ಒಳ್ಳೆಯ ನೆವ ಸಿಕ್ಕಿತೆಂದುಕೊಂಡು, “ಅತ್ತೀ, ಅದನ್ನ ಒಂದೀಟು ಕೊಡ್ರಿ,” ಎಂದೆ. ಅವರು ಪೆನ್ಸಿಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

“ನೀನs ತಗೋವಾ,” ಎಂದರು. “ನನ್ನ ಕೈ ಹಸಿ ಐತಿ.”

ಅವರು ಬೆಳಗಿನಿಂದ ಅಲ್ಲೇ ಕೂತು, ಮೊರದಲ್ಲಿ ಒಣ ಅಕ್ಕಿಯ ಕಲ್ಲು ಆರಿಸುತ್ತಿದ್ದರು.